ಮ್ಯಾಕ್‌ಫಾರ್ಲೇನರು ಕಂಡ ಹದಿನೈದನೆಯ ಶತಮಾನ



ಇಂಗ್ಲೆಂಡಿನ ಇತಿಹಾಸವನ್ನು ಶಾಲೆಯಲ್ಲಿ ಓದಿದವರಿಗೆ ‘ಗುಲಾಬಿಗಳ ಯುದ್ಧ’ವೆಂಬ ಹೆಸರು ಪರಿಚಿತವಾದುದೇ. ಲ್ಯಾಂಕಾಸ್ಟರ್ ಮನೆತನಕ್ಕೂ ಯಾರ್ಕ್ ಮನೆತನಕ್ಕೂ 1455ರಲ್ಲಿ ಸೇಂಟ್ ಆಲ್ಬನ್ಸ್ ಪಟ್ಟಣದ ಬೀದಿಗಳಲ್ಲಿ ತೊಡಗಿದ ಕಾಳಗವು, 1485ರಲ್ಲಿ ಬಾಸ್ವರ್ತಿನಲ್ಲಿ ಮೂರನೆಯ ರಿಚರ್ಡನು ಮಡಿಯುವವರೆಗೆ ಬಿಟ್ಟು ಬಿಟ್ಟು ನಡೆಯಿತೆಂದು ನಾವು ಬಾಯಿಪಾಠ ಮಾಡಿದೆವು. ಕಾರಣವೇನೆಂದು ಕೇಳಿದರೆ ಉತ್ತರವೂ ಸಿದ್ಧವಾಗಿತ್ತು: ಪ್ರಭುಗಳು ಕೊಬ್ಬಿದರು, ಕೂಲಿಯ ಬಂಟರನ್ನು ಸಾಕಿದರು, ದೊರೆಯನ್ನು ಮೀರಿದರು. ಇದನ್ನು ಬರೆದು ನಾನೂ ಅಂಕ ಗಳಿಸಿದೆ. ಬಹುಕಾಲ ನನ್ನ ವಿದ್ಯಾರ್ಥಿಗಳಿಂದಲೂ ಬರೆಯಿಸಿದೆ.

ಈ ಉತ್ತರವು ವಿಕ್ಟೋರಿಯಾ ರಾಣಿಯ ಕಾಲದ ವಿದ್ವಾಂಸರದು. ಅವರಲ್ಲೊಬ್ಬರಾದ ಚಾರ್ಲ್ಸ್ ಪ್ಲಮ್ಮರರು 1885ರಲ್ಲಿ ಆ ಕಾಲದ ಸಮಾಜಕ್ಕೆ ‘ಬಾಸ್ಟರ್ಡ್ ಫ್ಯೂಡಲಿಸಂ’ ಎಂದು ಹೆಸರಿಟ್ಟರು. ಕುಲಗೆಟ್ಟ ಊಳಿಗಮಾನ್ಯವೆಂದು ನಾವು ಹೇಳಬಹುದು. ಹಿಂದೆ ಭೂಮಿಯನ್ನು ಪಡೆದು ಒಡೆಯನಿಗೆ ನಿಷ್ಠನಾಗಿರುತ್ತಿದ್ದ ಬಂಟನು ಈಗ ವರ್ಷಾಶನದ ಹಣಕ್ಕೆ ದುಡಿಯತೊಡಗಿದನು. ಹಣ ಬಂದಲ್ಲಿ ನಿಷ್ಠೆ ಹೋಯಿತು. ಇದು ಅವರ ತರ್ಕ.

ಈ ತರ್ಕವನ್ನು ಬುಡಮೇಲು ಮಾಡಿದವರು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಕೆ. ಬಿ. ಮ್ಯಾಕ್‌ಫಾರ್ಲೇನರು. 1903ರಲ್ಲಿ ಹುಟ್ಟಿ 1966ರಲ್ಲಿ ತೀರಿಕೊಂಡ ಈ ಪಂಡಿತರು ತಮ್ಮ ಜೀವಿತದಲ್ಲಿ ಪ್ರಕಟಿಸಿದ ಪುಸ್ತಕ ಒಂದೇ. 1952ರಲ್ಲಿ ಬಂದ, ವಿಕ್ಲಿಫನನ್ನು ಕುರಿತ ಒಂದು ಸಣ್ಣ ಹೊತ್ತಗೆ. ಪ್ರಭುವರ್ಗವನ್ನು ಕುರಿತು 1953ರಲ್ಲಿ ಮಾಡಿದ ಉಪನ್ಯಾಸಗಳು ಅಚ್ಚಾದದ್ದು 1973ರಲ್ಲಿ, ಅವರು ಕಣ್ಮರೆಯಾದ ಏಳು ವರ್ಷಗಳ ಮೇಲೆ. ಬರೆದುದನ್ನು ತಿದ್ದುತ್ತ, ತಡೆಯುತ್ತ ಕಳೆದ ಜೀವನ ಅದು. ವರ್ಷಕ್ಕೊಂದು ಪುಸ್ತಕವನ್ನು ಹೊರಡಿಸುವ ನಮ್ಮಂಥವರಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ.

ಅವರು ಹಿಡಿದ ದಾರಿ ಸರಳ, ಆದರೆ ಶ್ರಮದ್ದು. ಮಠದ ಸಂನ್ಯಾಸಿಗಳ ವೃತ್ತಾಂತಗಳನ್ನೂ ಪಾರ್ಲಿಮೆಂಟಿನ ದಾಖಲೆಗಳನ್ನೂ ನೆಚ್ಚಿ ಕೂರದೆ, ಪ್ರಭುಗಳ ಮನೆಯ ಲೆಕ್ಕದ ಸುರುಳಿಗಳನ್ನು, ಮರಣಶಾಸನಗಳನ್ನು, ಕರಾರುಪತ್ರಗಳನ್ನು ಓದಿದರು. ಈ ಕರಾರುಪತ್ರವೊಂದು ವಿಚಿತ್ರ ವಸ್ತು: ಒಂದೇ ಚರ್ಮದ ಹಾಳೆಯಲ್ಲಿ ಒಪ್ಪಂದವನ್ನು ಎರಡು ಸಲ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ, ಒಡೆಯನೊಂದು ಭಾಗವನ್ನೂ ಬಂಟನೊಂದು ಭಾಗವನ್ನೂ ಇಟ್ಟುಕೊಳ್ಳುವರು, ತಕರಾರು ಬಂದರೆ ಹಲ್ಲುಗಳು ಕೂಡಬೇಕು. ಅಂಥ ಪತ್ರಗಳಲ್ಲಿ ಮ್ಯಾಕ್‌ಫಾರ್ಲೇನರು ಕಂಡುದು ಪುಂಡರ ಪಡೆಯನ್ನಲ್ಲ. ಬಂಟನಿಗೆ ಆಶ್ರಯ, ಒಡೆಯನಿಗೆ ಸಲಹೆ ಸೇವೆಗಳು, ಇಬ್ಬರಿಗೂ ಮರ್ಯಾದೆ. ಹೀಗೆ ನಾಡನ್ನು ಕಟ್ಟಿಹಿಡಿದಿದ್ದ ಹೆಣಿಗೆಯನ್ನೇ ಕಂಡರು.

ನನಗೆ ಬಹಳ ಪ್ರಿಯವಾದುದು ಅವರು ಬೆಳಕಿಗೆ ತಂದ ಒಂದು ಚಿಕ್ಕ ಒಪ್ಪಂದ. 1421ರಲ್ಲಿ, ಫ್ರಾನ್ಸಿನ ಹಾರ್‌ಫ್ಲರಿನಲ್ಲಿ, ನಿಕೊಲಸ್ ಮಾಲಿನೋ ಮತ್ತು ಜಾನ್ ವಿಂಟರ್ ಎಂಬ ಇಬ್ಬರು ಆಂಗ್ಲ ಯೋಧರು ಆಯುಧಭ್ರಾತೃಗಳಾಗಿ ಪ್ರತಿಜ್ಞೆ ಮಾಡಿದರು. ಒಬ್ಬನು ಸೆರೆಸಿಕ್ಕಿದರೆ ಇನ್ನೊಬ್ಬನು ಬಿಡುಗಡೆಯ ಹಣವನ್ನು ಹೊಂದಿಸಬೇಕು. ಯುದ್ಧದಲ್ಲಿ ದೊರೆತ ಲಾಭವನ್ನು ಲಂಡನ್ನಿನ ಒಂದು ಚರ್ಚಿನ ಪೆಟ್ಟಿಗೆಯಲ್ಲಿಡಬೇಕು. ಆ ಪೆಟ್ಟಿಗೆಗೆ ಎರಡು ಬೀಗದಕೈ. ಶೌರ್ಯಕ್ಕೂ ವ್ಯಾಪಾರಕ್ಕೂ ನಡುವೆ ನಾವು ಎಳೆಯುವ ಗೆರೆ ಅವರಿಗೆ ಕಾಣಿಸಿರಲಿಲ್ಲ.

ಯುದ್ಧದಿಂದ ಹಳೆಯ ಪ್ರಭುಕುಲಗಳು ನಿರ್ಮೂಲವಾದುವೆಂಬ ಮಾತನ್ನೂ ಅವರು ಲೆಕ್ಕ ಹಾಕಿ ಅಲ್ಲಗಳೆದರು. 1300ರಿಂದ 1500ರವರೆಗೆ, ಯುದ್ಧವಿರಲಿ ಶಾಂತಿಯಿರಲಿ, ಪ್ರತಿ 25 ವರ್ಷಗಳಲ್ಲಿ ಸುಮಾರು ಕಾಲುಭಾಗ ಮನೆತನಗಳು ಗಂಡುಸಂತಾನವಿಲ್ಲದೆ ನಿಂತುಹೋಗುತ್ತಿದ್ದುವು. ಕತ್ತಿಗಿಂತ ತೊಟ್ಟಿಲು ಬರಿದಾದುದೇ ಹೆಚ್ಚು ಕುಲಗಳನ್ನು ಅಳಿಸಿತು.

ಹಾಗಾದರೆ ಯುದ್ಧವೇಕಾಯಿತು? ಇದೇ ಪ್ರಭುಗಳ, ಇದೇ ಕರಾರುಗಳ ನಡುವೆ ಐದನೆಯ ಹೆನ್ರಿ ಸಮರ್ಥನಾಗಿ ಆಳಲಿಲ್ಲವೆ? ದೋಷವು ಪ್ರಭುಗಳ ಬಲದಲ್ಲಿರಲಿಲ್ಲ, 1422ರಲ್ಲಿ ಒಂಬತ್ತು ತಿಂಗಳ ಶಿಶುವಾಗಿ ಪಟ್ಟಕ್ಕೆ ಬಂದು, ಬೆಳೆದ ಮೇಲೂ ಆಳಲರಿಯದ ಆರನೆಯ ಹೆನ್ರಿಯ ದೌರ್ಬಲ್ಯದಲ್ಲಿತ್ತು. ಇದು ಮ್ಯಾಕ್‌ಫಾರ್ಲೇನರ ತೀರ್ಮಾನ. ಎಲ್ಲರೂ ಇದನ್ನು ಒಪ್ಪಲಿಲ್ಲ. ಬರ್ಟ್ರಂ ವುಲ್ಫರು 1981ರಲ್ಲಿ, ದೊರೆ ಜಡನಲ್ಲ, ಹಟದಿಂದ ತಪ್ಪುದಾರಿ ಹಿಡಿದವನೆಂದು ವಾದಿಸಿದರು.

ಮ್ಯಾಕ್‌ಫಾರ್ಲೇನರ ಬಳಿಕ ಬಂದ ಹಲವರು ರಾಜಕಾರಣವನ್ನೆಲ್ಲ ಮಾನ್ಯ ಸಂಬಳಗಳ ಹಂಚಿಕೆಗೆ ಇಳಿಸಿಬಿಟ್ಟರು. ಗುರುವಿನ ಮಾತನ್ನು ಗುರುವಿಗಿಂತ ಗಟ್ಟಿಯಾಗಿ ಹೇಳುವುದು ಶಿಷ್ಯರ ಹಳೆಯ ಚಾಳಿ. ಇದಕ್ಕೆ ಜಾನ್ ವಾಟ್ಸರು 1996ರಲ್ಲಿ ಆಕ್ಷೇಪವೆತ್ತಿದರು: ಪ್ರಭುಗಳಿಗೆ ಸ್ವಾರ್ಥವಷ್ಟೇ ಅಲ್ಲ, ದೊರೆತನವೆಂದರೇನೆಂಬ ಕಲ್ಪನೆಯೂ ಇತ್ತು, ಬರಿದಾದ ಸಿಂಹಾಸನದ ಸುತ್ತ ಅಧಿಕಾರದ ನೆರಳನ್ನಾದರೂ ನಿಲ್ಲಿಸಲು ಅವರು ಹೆಣಗಿದರು ಎಂದು.

ಈ ವಾದದಲ್ಲಿ ಹುರುಳಿದೆಯೆಂದು ನನಗೆ ತೋರುವುದು 1454ರ ಮಾರ್ಚಿಯ ಒಂದು ಘಟನೆಯಿಂದ. ಹಿಂದಿನ ಬೇಸಗೆಯಲ್ಲಿಯೇ ದೊರೆಗೆ ಬುದ್ಧಿ ಮಂಕಾಗಿತ್ತು. ಮುಖ್ಯಾಮಾತ್ಯನೂ ಆಗಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಕೆಂಪನು ತೀರಿಕೊಂಡನು. ಆ ಸ್ಥಾನಕ್ಕೆ ಯಾರೆಂದು ಕೇಳಲು ಪ್ರಭುಗಳ ನಿಯೋಗವೊಂದು ವಿಂಡ್ಸರಿಗೆ ಹೋಯಿತು. ಬಿನ್ನಹ ಮಾಡಿದರು, ದೊರೆ ಮಾತನಾಡಲಿಲ್ಲ. ಊಟ ಮುಗಿಸಿ ಬಂದು ಮತ್ತೆ ಕೇಳಿದರು. ಒಂದು ಸನ್ನೆಯೂ ಇಲ್ಲ. ಇಬ್ಬರು ಹಿಡಿದುಕೊಂಡು ದೊರೆಯನ್ನು ಶಯನಗೃಹಕ್ಕೆ ನಡೆಸಿದ ಮೇಲೆ, ಅಲ್ಲಿಗೂ ಹೋಗಿ ಮೂರನೆಯ ಸಲ ಕೇಳಿದರು. ಬಳಿಕ ಹಿಂದಿರುಗಿ ನಡೆದುದನ್ನು ಪಾರ್ಲಿಮೆಂಟಿಗೆ ಒಪ್ಪಿಸಿದರು. ಯಾರ್ಕಿನ ಡ್ಯೂಕನು ರಾಜ್ಯರಕ್ಷಕನಾಗಿ ನೇಮಕಗೊಂಡನು.