ನಾಯಿಯ ಗುಣವೋ, ರೋಗವೋ?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಟ್ಟಿಗಳಲ್ಲಿ ಕುರಿಮಂದೆಯಿದ್ದಲ್ಲಿ ನಾಯಿಯೂ ಇರುತ್ತದೆ. ಮಂದೆ ಕಾಯುವುದನ್ನು ಮರಿನಾಯಿ ಹಿರಿಯ ನಾಯಿಗಳೊಡನೆ ತಿರುಗುತ್ತ, ಒಡೆಯನ ಗದರಿಕೆ ಕೇಳುತ್ತ ಕಲಿಯುತ್ತದೆ. ನಾಯಿಯನ್ನು ಪಳಗಿಸುವ ಈ ವಿದ್ಯೆಯಲ್ಲಿ ನಮ್ಮ ಹಿರಿಯರು ನುರಿತವರು. ಆದರೆ ಈ ವಿದ್ಯೆಗೂ ಒಂದು ಎಲ್ಲೆಯುಂಟು.

‘ಹುಚ್ಚುನಾಯಿ’ ಎಂಬ ಮಾತನ್ನೇ ಗಮನಿಸಿರಿ. ಅದು ರೋಗವನ್ನು ನಡತೆಯ ಹೆಸರಿನಿಂದ ಕರೆಯುತ್ತದೆ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರನು ನಾಯಿ ಕಚ್ಚಿದ ಬಾಲಕ ಜೋಸೆಫ್ ಮೈಸ್ಟರನಿಗೆ ಲಸಿಕೆ ನೀಡಿದನು. 1903ರಲ್ಲಿ ಇಟಲಿಯ ನೆಗ್ರಿ ಎಂಬ ವಿಜ್ಞಾನಿ ಈ ರೋಗದಿಂದ ಸತ್ತ ಪ್ರಾಣಿಗಳ ಮೆದುಳಿನ ಕೋಶಗಳಲ್ಲಿ ರೋಗದ ಕುರುಹನ್ನು ಗುರುತಿಸಿದನು. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಆರಂಭವಾದವು. ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಲಸಿಕೆಯ ನೋವನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯ ಬಳಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತಿತು.

ಇದೇ ಕಾಲಘಟ್ಟದಲ್ಲಿ ರಷ್ಯಾದ ಪಾವ್ಲೋವನು, ಆಹಾರದ ಮುನ್ಸೂಚನೆ ದೊರೆತರೆ ಸಾಕು, ನಾಯಿಯ ಬಾಯಲ್ಲಿ ಜೊಲ್ಲೂರುವುದನ್ನು ತೋರಿಸಿದನು. ಇಂದಿನ ನಾಯಿ ತರಬೇತಿಯ ಪುಸ್ತಕಗಳಿಗೆ ಇಂತಹ ಪ್ರಯೋಗಗಳೇ ತಳಹದಿ. ರೇಬಿಸ್ ತಗುಲಿದ ನಾಯಿಯ ಬಾಯಲ್ಲಿಯೂ ಜೊಲ್ಲು ಸುರಿಯುತ್ತದೆ. ಒಂದು ಜೊಲ್ಲು ಕಲಿಕೆಯ ಫಲ, ಇನ್ನೊಂದು ಸಾವಿನ ಸೂಚನೆ. ಪುಸ್ತಕ ಓದಿ ಇವೆರಡನ್ನು ಬೇರ್ಪಡಿಸಲಾಗದು.

ಈ ರೋಗ ಬಂದ ನಾಯಿಗಳೆಲ್ಲ ಕೆರಳಿ ಕಚ್ಚಲು ಬರುವುದಿಲ್ಲ. ಕೆಲವು ಮಂಕಾಗಿ ಮೂಲೆ ಸೇರುತ್ತವೆ. ದವಡೆ ಜೋತುಬೀಳುತ್ತದೆ, ನುಂಗಲಾಗುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಗೆದು ಬಾಯೊಳಗೆ ಕೈ ಹಾಕುವವರುಂಟು. ಹಾಗೆಂದೂ ಮಾಡಬೇಡಿರಿ. ರೇಬಿಸ್ ಅಲ್ಲದಿದ್ದರೂ ಕಿವಿನೋವು, ಹಲ್ಲುನೋವು, ಕೀಲುನೋವುಗಳಿಂದ ಸಾಧುನಾಯಿಯೂ ಗುರುಗುಟ್ಟುತ್ತದೆ. ಮೂತ್ರಕೋಶದ ತೊಂದರೆಯಿಂದ ಮನೆಯೊಳಗೇ ಮೂತ್ರ ಮಾಡುತ್ತದೆ. ಅದಕ್ಕೆ ಬೆತ್ತ ತೋರಿಸುವುದು ಜ್ವರ ಬಂದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದಂತೆ.

ಆದುದರಿಂದ, ಪ್ರಿಯ ವಿದ್ಯಾರ್ಥಿಗಳೇ, ನಾಯಿಯ ನಡತೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಪಶುವೈದ್ಯರಿಗೆ ತಿಳಿಸಿ ತೋರಿಸಿರಿ. ಬುದ್ಧಿ ಕಲಿಸುವುದು ಆಮೇಲೆ. ಕಚ್ಚಿದರೆ ಗಾಯವನ್ನು ಸಾಬೂನಿನಿಂದ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿದವರು ತೀರ ವಿರಳ. ಪಾಶ್ಚರನ ಕಾಲದಿಂದ ಲಸಿಕೆ ಎಷ್ಟೋ ಸುಧಾರಿಸಿದೆ. ಆ ಮಾತು ಮಾತ್ರ ಇಂದಿಗೂ ಬದಲಾಗಿಲ್ಲ.