ಹಿಮನದಿಗಳ ಕ್ಷಯವೂ ನಮ್ಮ ಹೊಳೆಗಳೂ

ವೈದ್ಯನಾಥಪುರದಲ್ಲಿ ಶಿಂಷಾನದಿಯ ತೀರದಲ್ಲಿ ವೈದ್ಯನಾಥೇಶ್ವರನ ಆಲಯವಿರುವುದು ಮದ್ದೂರು ಸೀಮೆಯವರೆಲ್ಲರಿಗೂ ವಿದಿತವಾದುದೇ. ಕದಂಬನದಿಯೆಂಬ ಹೆಸರೂ ಉಳ್ಳ ಈ ಹೊಳೆಯು ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಮಳೆಯೊಂದನ್ನೇ ನಂಬಿ ಹರಿದು, ಕಾವೇರಿಯನ್ನು ಸೇರುತ್ತದೆ. ಮಳೆಗಾಲದಲ್ಲಿ ಉಕ್ಕುವ ಹೊಳೆಯು ಬೇಸಗೆಯಲ್ಲಿ ಬಡವಾಗುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಬಿಸಿಲು ಏರಿದಷ್ಟೂ ತುಂಬಿ ಹರಿಯುವ ನದಿಗಳೂ ಲೋಕದಲ್ಲಿ ಉಂಟೆಂದರೆ ನಮ್ಮವರಿಗೆ ಸೋಜಿಗವಾಗದಿರದು.

ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟುವ ನದಿಗಳು ಇಂತಹವು. ಅಲ್ಲಿಯ ಶಿಖರಗಳಲ್ಲಿ ಮೇರುಪ್ರಾಯವಾದ ಮೋಂ ಬ್ಲಾಂ 4800 ಮೀಟರುಗಳಿಗೂ ಮಿಕ್ಕಿ ಎತ್ತರವಾದುದು. ಎತ್ತರದ ನೆಲೆಗಳಲ್ಲಿ ಬಿದ್ದ ಹಿಮವು ವರ್ಷದ ಮೇಲೆ ವರ್ಷ ಒತ್ತಿ, ನೀರ್ಗಲ್ಲಾಗಿ, ತನ್ನ ಭಾರದಿಂದಲೇ ಕಣಿವೆಗೆ ಮೆಲ್ಲನೆ ಜಾರುವುದು. ಇದೇ ಹಿಮನದಿ. ಚಳಿಗಾಲದಲ್ಲಿ ಕೂಡಿಟ್ಟುದನ್ನು ಬೇಸಗೆಯಲ್ಲಿ ಕೊಡುವ ಈ ಭಂಡಾರವೇ ರೋನ್ ನದಿಯ ಬೇಸಗೆಯ ಸಂಪತ್ತಿಗೆ ಒಂದು ಕಾರಣ.

ಒಂದು ಕಾಲದಲ್ಲಿ ಅಲ್ಲಿಯ ಜನರು ಈ ಹಿಮಕ್ಕೆ ಅಂಜಿ ಬಾಳಿದರು. 16ನೆಯ ಶತಮಾನದಿಂದ 19ನೆಯ ಶತಮಾನದ ಮಧ್ಯದವರೆಗೆ ಚಳಿ ಹೆಚ್ಚಾಗಿ, ಹಿಮನದಿಗಳು ಬೆಳೆದು ಹೊಲಮನೆಗಳತ್ತ ಇಳಿದುವು. ಆಲೆಟ್ಷ್ ಹಿಮನದಿಯ ಮಗ್ಗುಲಿನ ಸರೋವರವು ಒಡೆದು ಕೆಳಗಿನ ಕಣಿವೆಯನ್ನು ಮುಳುಗಿಸುತ್ತಿತ್ತು. ಆದುದರಿಂದ ಸ್ವಿಟ್ಜರ್ಲೆಂಡಿನ ಫೀಶ್ ಗ್ರಾಮದವರು, ಹಿಮನದಿಯು ಇನ್ನು ಬೆಳೆಯದಿರಲೆಂದು ದೇವರಲ್ಲಿ ಬೇಡುವುದಾಗಿ 1678ರಲ್ಲಿ ಹರಕೆ ಹೊತ್ತರು.

ಆ ಹಿಮದ ನಾಡಿಗೂ ನಮ್ಮ ಸೀಮೆಗೂ ಒಂದು ಹಳೆಯ ನಂಟುಂಟು. 1902ನೆಯ ಇಸವಿ ಜೂನ್ 30ರಂದು ಮಳವಳ್ಳಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತಷ್ಟೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಕಾರ್ಯಕ್ಕೆ ವಿದ್ಯುದ್ಯಂತ್ರಗಳು ಅಮೆರಿಕದಿಂದ ಬಂದರೆ, ಕಾವೇರಿಯ ನೀರಿನಿಂದ ತಿರುಗುವ ಚಕ್ರಗಳು ಸ್ವಿಟ್ಜರ್ಲೆಂಡಿನ ಜೂರಿಚ್ ನಗರದ ಎಷರ್ ವಿಸ್ ಕಂಪೆನಿಯಿಂದ ಬಂದುವು. ಆದರೆ ಚಕ್ರಗಳನ್ನು ತರಿಸಬಹುದೇ ಹೊರತು ಹಿಮವನ್ನು ತರಿಸಲಾಗದು. ಬೇಸಗೆಯಲ್ಲಿ ಕಾವೇರಿಯು ಸೊರಗಿದಾಗ ವಿದ್ಯುತ್ತಿಗೂ ಕೊರತೆಯಾಯಿತು. ಪ್ರಕೃತಿಯು ಕೊಡದ ಭಂಡಾರವನ್ನು ಮನುಷ್ಯನೇ ಕಟ್ಟಬೇಕಾಯಿತು. 1911ರಲ್ಲಿ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕೆಲಸವು ಮೊದಲಾದುದಕ್ಕೆ ಇದೂ ಒಂದು ಮುಖ್ಯ ಕಾರಣ. ಅದೇ ಅಣೆಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ನೀರೂಡಿಸಿತು.

ಈಗ ಹಿಮದ ನಾಡಿನ ಭಂಡಾರವೇ ಬರಿದಾಗುತ್ತಿದೆ. 19ನೆಯ ಶತಮಾನದ ಮಧ್ಯದಿಂದ ಹಿಮನದಿಗಳು ಹಿಂಜರಿಯುತ್ತಿವೆ. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿಯು ಬಿಸಿಯಾದಂತೆ ಈ ಕ್ಷಯವು ತೀವ್ರವಾಗಿದೆ. ಆಲ್ಪ್ಸ್‌ನಲ್ಲಿ ಅತಿ ದೊಡ್ಡದಾದ ಆಲೆಟ್ಷ್ ಸುಮಾರು 3 ಕಿಲೋಮೀಟರು ಕುಗ್ಗಿದೆ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದಲ್ಲಿ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡುವು. ರೋನ್ ಹಿಮನದಿಯ ಅಂಚಿಗೆ ಬಿಳಿಯ ಹೊದಿಕೆಗಳನ್ನು ಹೊದಿಸಿ ಬಿಸಿಲಿನಿಂದ ಕಾಯಲೆಳಸಿದುದೂ ಉಂಟು. ಶಿಖರಗಳನ್ನು ಬಿಗಿದ ಹಿಮವು ಸಡಿಲವಾಗಿ 2003ರ ಬೇಸಗೆಯಲ್ಲಿ ಮ್ಯಾಟರ್‌ಹಾರ್ನ್ ಶಿಖರದಲ್ಲಿ ಬಂಡೆಗಳು ಉರುಳಿದುವು. 2025ರ ಮೇ 28ರಂದು ಬಿರ್ಷ್ ಹಿಮನದಿಯು ಕುಸಿದು ಬ್ಲಾಟೆನ್ ಗ್ರಾಮದ ಬಹುಭಾಗವನ್ನು ಹೂಳಿತು. ಸುಮಾರು 300 ಮಂದಿಯನ್ನು ಮೊದಲೇ ಸಾಗಿಸಿದ್ದುದರಿಂದ ಮಹಾ ಪ್ರಾಣಹಾನಿಯು ತಪ್ಪಿತು.

ಫೀಶ್ ಗ್ರಾಮದವರು ತಮ್ಮ ಪೂರ್ವಿಕರ ಹರಕೆಯನ್ನು ತಿರುಗಿಸಲು ಪೋಪರ ಅಪ್ಪಣೆಯನ್ನು ಬೇಡಿದರು. 2010ರಲ್ಲಿ ಅದು ದೊರೆಯಿತು. ಹಿಮನದಿಯು ಬೆಳೆಯದಿರಲೆಂದಿದ್ದ ಪ್ರಾರ್ಥನೆಯು ಅದು ಉಳಿಯಲೆಂಬ ಪ್ರಾರ್ಥನೆಯಾಯಿತು.

ಕರಗುವ ಹಿಮವು ಮೊದಮೊದಲು ನದಿಯನ್ನು ಹೆಚ್ಚಿಸಿ, ಕಡೆಗೆ ಬರಿದುಮಾಡುವುದು. ಆಗ ಆ ನದಿಗಳೂ ನಮ್ಮ ಶಿಂಷೆಯಂತೆ ಆಕಾಶದ ಮೋರೆಯನ್ನು ನೋಡಬೇಕಾದೀತು. ಹಿಮವು ಸರಿದು ತೆರವಾದ ತಾವುಗಳಲ್ಲಿ ಜಲಾಶಯಗಳನ್ನು ಕಟ್ಟುವ ಯೋಚನೆ ಅಲ್ಲಿ ನಡೆದಿದೆ. ಅವರಿಂದ ಚಕ್ರವನ್ನು ಪಡೆದ ನಾವು, ಕೆರೆಕಟ್ಟೆಗಳನ್ನು ನಂಬಿ ಬಾಳುವ ನಮ್ಮ ಹಿರಿಯರ ವಿವೇಕವನ್ನು ಅವರೂ ಕಲಿಯಬೇಕಾದ ಕಾಲವು ಬಂದುದನ್ನು ಕಾಣುತ್ತಿದ್ದೇವೆ. ಆ ವಿವೇಕವನ್ನು ನಾವೇ ಮರೆತು, ಹೂಳು ತುಂಬಿದ ಕೆರೆಯ ಏರಿಯ ಮೇಲೆ ನಿಂತಿದ್ದರೆ ಅವರಿಗೆ ಏನನ್ನು ತೋರಿಸೋಣ?