ಮಗ್ಗ ನಿಂತ ಮನೆ

ಚರಿತ್ರೆಯ ಪುಸ್ತಕದಲ್ಲಿ ಕೈಗಾರಿಕಾ ಕ್ರಾಂತಿ ಎಂದರೆ ಉಗಿಯಂತ್ರ, ಗಿರಣಿ ಮತ್ತು ಒಂದಷ್ಟು ಇಸವಿಗಳು. ಮಗ್ಗ ನಿಂತ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂಬ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ವರ್ಷ ವರ್ಷವೂ ಈ ಪಾಠ ಹೇಳುವ ನನಗೆ ಅದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಪಟ್ಟಣ ನೇಯ್ಗೆಯಲ್ಲೇ ಹೂಬಳ್ಳಿ ಮೂಡಿಸುವ ಡಮಾಸ್ಕ್ ಲಿನನ್ ಬಟ್ಟೆಗೆ ಹೆಸರಾಗಿತ್ತು. ಅಲ್ಲಿ ವಿಲಿಯಂ ಕಾರ್ನೆಗಿ ಎಂಬ ನೇಕಾರನಿದ್ದ. ಮನೆಯ ಕೆಳಗೆ ಮಗ್ಗ, ಮೇಲಿನ ಅಟ್ಟದ ಕೋಣೆಯಲ್ಲಿ ಸಂಸಾರ. 1835ರ ನವೆಂಬರ್ 25ರಂದು ಹಿರಿಯ ಮಗ ಆಂಡ್ರ್ಯೂ ಹುಟ್ಟಿದ್ದು ಆ ಅಟ್ಟದಲ್ಲೇ. ಇಂಥ ಮನೆಗಳಲ್ಲಿ ಗಂಡಸು ನೇಯುತ್ತಿದ್ದ. ಲಾಳಿಗೆ ಬೇಕಾದ ಕಂಡಿಕೆ ಸುತ್ತುವುದು ಹೆಂಗಸರು, ಮಕ್ಕಳ ಪಾಲಿನ ಕೆಲಸ. ಕೂಲಿ ಮಾತ್ರ ನೇಕಾರನ ಲೆಕ್ಕಕ್ಕೆ.

1840ರ ದಶಕದಲ್ಲಿ ಉಗಿಮಗ್ಗ ಬಂತು. ಕೈಮಗ್ಗದವರಿಗೆ ಕೆಲಸ ಕಡಿಮೆಯಾಯಿತು, ಕೊನೆಗೆ ಇಲ್ಲವೇ ಆಯಿತು. ವಿಲಿಯಂ ಸೋಮಾರಿಯಲ್ಲ. ಹಿಂದೆ ನಾಲ್ವರು ನೇಕಾರ ಗೆಳೆಯರೊಡನೆ ಇದ್ದಬದ್ದ ಪುಸ್ತಕಗಳನ್ನು ಕೂಡಿಸಿ ಊರಿಗೊಂದು ಪುಸ್ತಕ ಭಂಡಾರ ಮಾಡಿದ್ದವನು. ಆದರೆ ತಾನು ಕಲಿತ ಕಸುಬಿಗೆ ಬೆಲೆಯೇ ಇಲ್ಲವೆಂದಾಗ ಅವನು ಕುಗ್ಗಿಹೋದ.

ಆಗ ಮನೆಯ ಭಾರ ಹೆಗಲಿಗೇರಿಸಿಕೊಂಡವಳು ಹೆಂಡತಿ ಮಾರ್ಗರೇಟ್. ಮನೆಯಲ್ಲೇ ಸಣ್ಣ ಅಂಗಡಿಯಿಟ್ಟಳು, ಬೂಟುಗಳಿಗೆ ಅಂಚು ಹೊಲಿದಳು. ಅಡಿಗೆ, ಬಟ್ಟೆ, ಮಕ್ಕಳು ಇವೆಲ್ಲ ಇದ್ದೇ ಇದ್ದವು. ಗಂಡನ ಕೆಲಸ ನಿಂತಾಗ ಹೆಂಡತಿಯ ಕೆಲಸ ಎರಡರಷ್ಟಾಯಿತು. ಗೃಹಿಣಿಯರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

1848ರಲ್ಲಿ ಮಗ್ಗಗಳನ್ನು ಹರಾಜು ಹಾಕಿದರು. ಬಂದದ್ದು ಅಷ್ಟರಲ್ಲೇ ಇತ್ತು. ಹಡಗಿನ ಖರ್ಚಿಗೆ 20 ಪೌಂಡು ಸಾಲದೆ ಮಾರ್ಗರೇಟಳ ಗೆಳತಿಯೊಬ್ಬಳು ಕೈಗಡ ಕೊಟ್ಟಳು. ಹೀಗೆ ಸಂಸಾರ ಅಮೆರಿಕಾ ಸೇರಿತು. ಅಲ್ಲಿಯೂ ಆಕೆ ನಡುರಾತ್ರಿಯವರೆಗೆ ಬೂಟು ಹೊಲಿದು ವಾರಕ್ಕೆ 4 ಡಾಲರ್ ದುಡಿದಳು. ಕಿರಿಯ ಮಗ ಟಾಮ್ ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಆಂಡ್ರ್ಯೂ ಹತ್ತಿ ಗಿರಣಿಯಲ್ಲಿ ವಾರಕ್ಕೆ 1 ಡಾಲರ್ 20 ಸೆಂಟಿನ ಕೂಲಿಗೆ ನಿಂತ.

ಮುಂದೆ ಅವನು ಉಕ್ಕಿನ ಉದ್ಯಮಿಯಾಗಿ ಕೋಟಿಗಟ್ಟಲೆ ಗಳಿಸಿ ಸಾವಿರಾರು ಪುಸ್ತಕಾಲಯಗಳನ್ನು ಕಟ್ಟಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ 1892ರಲ್ಲಿ ಅವನದೇ ಹೋಮ್‌ಸ್ಟೆಡ್ ಕಾರ್ಖಾನೆ ಕೂಲಿ ಇಳಿಸಲು ಹೊರಟು, ಒಪ್ಪದ ಕಾರ್ಮಿಕರನ್ನು ಹೊರಗೆ ನಿಲ್ಲಿಸಿತು. ಗಲಭೆಯಲ್ಲಿ ಜೀವಗಳೂ ಹೋದವು. ಕೆಲಸ ಕಳೆದುಕೊಂಡ ಆ ಮನೆಗಳಲ್ಲೂ ಒಬ್ಬೊಬ್ಬ ಮಾರ್ಗರೇಟ್ ಇದ್ದಿರಲೇಬೇಕು. ನೇಕಾರನ ಮಗನಿಗೆ ತನ್ನ ತಾಯಿಯ ನೆನಪಿತ್ತು, ಅವರ ನೆನಪಾಗಲಿಲ್ಲ.

1881ರಲ್ಲಿ ಡನ್‌ಫರ್ಮ್‌ಲಿನ್‌ನಲ್ಲಿ ಮಗನ ಮೊದಲ ಪುಸ್ತಕಾಲಯಕ್ಕೆ ಅಡಿಗಲ್ಲು ಇಟ್ಟವಳು ಮಾರ್ಗರೇಟ್. ಆ ಕಲ್ಲಿಗಿಂತ ಬಹಳ ಮೊದಲೇ, ಮಗ್ಗ ನಿಂತ ಮನೆಯಲ್ಲಿ, ಒಂದು ಸೂಜಿ ಮತ್ತು ಒಂದು ಸಣ್ಣ ಅಂಗಡಿಯಿಂದ ಆಕೆ ಆ ಸಂಸಾರದ ಅಡಿಗಲ್ಲನ್ನು ಇಟ್ಟಾಗಿತ್ತು. ಪಾಠದಲ್ಲಿ ಉಗಿಯಂತ್ರದ ಜೊತೆಗೆ ಅದೂ ಬರಬೇಕು.